ಅಮೆರಿಕನ್ ಫುಟ್‌ಬಾಲ್‌ನ ಮೂಲ ನಿಯಮಗಳು

ಅಮೆರಿಕನ್ ಫುಟ್‌ಬಾಲ್ ಎಂಬುದು ತಲಾ ಹನ್ನೊಂದು ಆಟಗಾರರ ಎರಡು ತಂಡಗಳು ಮೊಟ್ಟೆಯಾಕಾರದ ಚೆಂಡಿನಿಂದ ಆಡುವ ಮೈದಾನದ ಆಟ. ಅಮೆರಿಕ ಸಂಯುಕ್ತ ಸಂಸ್ಥಾನದ ಅತ್ಯಂತ ಜನಪ್ರಿಯ ಆಟವಿದು. ಚೆಂಡನ್ನು ಹೊತ್ತು ಓಡಿಯೋ, ಮುಂದಕ್ಕೆ ಎಸೆದು ಹಿಡಿದೋ ಎದುರಾಳಿಯ ಅಂಕಣದ ತುದಿ ದಾಟಿಸುವುದು ಆಟದ ಗುರಿ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಯತ್ನಗಳು ದೊರೆಯುತ್ತವೆ. ಆ ನಾಲ್ಕರೊಳಗೆ ಕನಿಷ್ಠ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನಗಳು; ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಉಳಿದ ನಿಯಮಗಳೆಲ್ಲ ಈ ಒಂದು ಕಟ್ಟಳೆಯ ಸುತ್ತ ಹೆಣೆದುಕೊಂಡಿವೆ.

ಮೊದಲ ಬಾರಿ ನೋಡುವವರಿಗೆ ಇದು ಶಿರಸ್ತ್ರಾಣ ತೊಟ್ಟ ದಢೂತಿ ಆಳುಗಳ ನೂಕುನುಗ್ಗಲಿನಂತೆ ಕಾಣುವುದು ಸಹಜ. ಐದಾರು ಸೆಕೆಂಡುಗಳ ಗುದ್ದಾಟ, ಅನಂತರ ಅರ್ಧ ನಿಮಿಷದ ವಿರಾಮ, ಮತ್ತೆ ಗುದ್ದಾಟ. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗುವ ಕುರುಬರಹಳ್ಳಿ, ರಾಜಾಜಿನಗರ, ವಿಜಯನಗರ ಮುಂತಾದ ಬಡಾವಣೆಗಳ ಹಿರಿಯರು ಮೊಮ್ಮಕ್ಕಳ ಜೊತೆ ಈ ಆಟದ ಮುಂದೆ ಕುಳಿತಾಗ ಬೇಸರಪಡುವುದಕ್ಕೆ ಮುಖ್ಯ ಕಾರಣ ಆ ವಿರಾಮಗಳೇ. ಆದರೆ ಕ್ರಿಕೆಟ್ ಬಲ್ಲವರಿಗೆ ಈ ಲಯ ಹೊಸದೇನಲ್ಲ. ಒಂದು ಎಸೆತ ಮುಗಿದು ಮುಂದಿನ ಎಸೆತಕ್ಕೆ ನಾಯಕನು ಕ್ಷೇತ್ರರಕ್ಷಕರನ್ನು ಅತ್ತಿತ್ತ ಸರಿಸುವಂತೆ, ಇಲ್ಲಿಯೂ ಎರಡು ಯತ್ನಗಳ ನಡುವೆ ಇಬ್ಬಣಗಳೂ ತಂತ್ರ ಹೂಡುತ್ತವೆ.

ಈ ಲೇಖನದಲ್ಲಿ ಮುಖ್ಯವಾಗಿ ಅಮೆರಿಕದ ವೃತ್ತಿಪರ ಒಕ್ಕೂಟವಾದ ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್‌ನ ನಿಯಮಗಳನ್ನು ಅನುಸರಿಸಲಾಗಿದೆ. ಕಾಲೇಜು ಮತ್ತು ಪ್ರೌಢಶಾಲೆಗಳ ನಿಯಮಗಳು ಕೆಲವೆಡೆ ಬೇರೆಯಾಗಿವೆ.

ಹಿನ್ನೆಲೆ

ಕನ್ನಡದಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡು. ಅಮೆರಿಕದವರು ಆ ಕಾಲ್ಚೆಂಡನ್ನು ಸಾಕರ್ ಎಂದು ಕರೆದು, ಬಹುಪಾಲು ಕೈಯಲ್ಲೇ ಆಡುವ ತಮ್ಮ ಆಟಕ್ಕೆ ಫುಟ್‌ಬಾಲ್ ಎಂಬ ಹೆಸರನ್ನು ಉಳಿಸಿಕೊಂಡಿದ್ದಾರೆ. 1869ರ ನವೆಂಬರ್ 6ರಂದು ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಅಲ್ಲಿನ ಕಾಲೇಜು ಫುಟ್‌ಬಾಲ್‌ನ ಆರಂಭವೆಂದು ಎಣಿಸುತ್ತಾರೆ. ಅದು ಇಂದಿನ ಆಟಕ್ಕಿಂತ ಕಾಲ್ಚೆಂಡಿಗೇ ಹತ್ತಿರವಾಗಿತ್ತು. ಮುಂದೆ ಇಂಗ್ಲೆಂಡಿನ ರಗ್ಬಿಯ ಪ್ರಭಾವ ಬಲವಾಯಿತು.

ಆಟಕ್ಕೆ ಇಂದಿನ ರೂಪ ಬಂದುದು ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಅವರಿಂದ. ರಗ್ಬಿಯಲ್ಲಿ ಚೆಂಡಿಗಾಗಿ ಇಬ್ಬಣಗಳೂ ಒಟ್ಟಿಗೆ ಮುಗಿಬೀಳುತ್ತವೆ. 1880ರಲ್ಲಿ ಕ್ಯಾಂಪ್ ಅದನ್ನು ತೆಗೆದು, ಪ್ರತಿ ಯತ್ನದ ಆರಂಭದಲ್ಲಿ ಚೆಂಡು ಒಂದೇ ತಂಡದ ಸ್ವತ್ತು ಎಂಬ ನಿಯಮ ತಂದರು. ಇದರಿಂದ ಒಂದು ಎಡವಟ್ಟಾಯಿತು: ಚೆಂಡು ಸಿಕ್ಕ ತಂಡ ಅದನ್ನು ಬಿಟ್ಟುಕೊಡದೆ ಕಾಲ ನೂಕತೊಡಗಿತು. ಅದಕ್ಕೆ ಮದ್ದಾಗಿ 1882ರಲ್ಲಿ ಮೂರು ಯತ್ನಗಳಲ್ಲಿ 5 ಗಜ ಸಾಗಲೇಬೇಕೆಂಬ ಕಟ್ಟಳೆ ಬಂತು. 1906ರಲ್ಲಿ 5 ಗಜ 10 ಆಯಿತು. 1912ರಲ್ಲಿ ಮೂರು ಯತ್ನಗಳು ನಾಲ್ಕಾದವು. ಅಂದಿನಿಂದ ಈ ಲೆಕ್ಕ ಬದಲಾಗಿಲ್ಲ.

ಎನ್‌ಎಫ್‌ಎಲ್ 1920ರಲ್ಲಿ ಬೇರೊಂದು ಹೆಸರಿನಲ್ಲಿ ಆರಂಭವಾಗಿ 1922ರಲ್ಲಿ ಈಗಿನ ಹೆಸರು ಪಡೆಯಿತು. ಈಗ ಅದರಲ್ಲಿ 32 ತಂಡಗಳಿವೆ. ಋತುವಿನ ಕೊನೆಯ ಪಂದ್ಯವಾದ ಸೂಪರ್ ಬೌಲ್ ಮೊದಲು ನಡೆದದ್ದು 1967ರ ಜನವರಿಯಲ್ಲಿ. ಅದರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಕಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 35–10ರಿಂದ ಸೋಲಿಸಿತು. ಈಗ ಸೂಪರ್ ಬೌಲ್ ಫೆಬ್ರವರಿಯ ಒಂದು ಭಾನುವಾರ ಸಂಜೆ ಅಮೆರಿಕದಲ್ಲಿ ನಡೆಯುವಾಗ ಭಾರತದಲ್ಲಿ ಸೋಮವಾರದ ಬೆಳಗಿನ ಜಾವ ಐದು ಗಂಟೆಯಾಗಿರುತ್ತದೆ.

ಅಂಕಣ ಮತ್ತು ಚೆಂಡು

ಅಂಕಣದ ಎರಡು ಗೋಲು ರೇಖೆಗಳ ನಡುವಿನ ಅಂತರ 100 ಗಜ. ಒಂದೊಂದು ತುದಿಯಲ್ಲಿಯೂ ಗೋಲು ರೇಖೆಯ ಆಚೆಗೆ 10 ಗಜದ ಎಂಡ್ ಝೋನ್, ಅಂದರೆ ಅಂತ್ಯವಲಯ ಇರುತ್ತದೆ. ಹೀಗೆ ಒಟ್ಟು ಉದ್ದ 120 ಗಜ, ಸುಮಾರು 110 ಮೀಟರ್. ಅಗಲ 160 ಅಡಿ. ಪ್ರತಿ 5 ಗಜಕ್ಕೆ ಒಂದರಂತೆ ಅಡ್ಡಗೆರೆ ಎಳೆದು, ಪ್ರತಿ 10 ಗಜಕ್ಕೆ ಅಂಕಿ ಬರೆದಿರುತ್ತಾರೆ. ಅಂಕಿಗಳು ಎರಡೂ ತುದಿಗಳಿಂದ 10, 20, 30, 40 ಎಂದು ಏರಿ ನಡುವಿನಲ್ಲಿ 50ಕ್ಕೆ ಸೇರುತ್ತವೆ. ಆದ್ದರಿಂದ ಅಂಕಣದಲ್ಲಿ 30 ಎಂಬ ಗೆರೆ ಎರಡಿರುತ್ತವೆ: ಒಂದು ತನ್ನದು, ಇನ್ನೊಂದು ಎದುರಾಳಿಯದು.

ಹತ್ತು ಗಜ ಎಂದರೆ ಎಷ್ಟೆಂಬುದು ಕ್ರಿಕೆಟ್ ನೋಡುವವರಿಗೆ ಸುಲಭವಾಗಿ ಹೊಳೆಯುತ್ತದೆ. ಕ್ರಿಕೆಟ್ ಪಿಚ್ಚಿನ ಉದ್ದ 22 ಗಜ. ಅದರ ಅರ್ಧಕ್ಕೂ ತುಸು ಕಡಿಮೆ. ಇಷ್ಟು ಸಣ್ಣ ದೂರಕ್ಕೆ ನಾಲ್ಕು ಯತ್ನಗಳೇಕೆ ಎಂದು ಅನ್ನಿಸಬಹುದು. ದಾರಿಯಲ್ಲಿ ನಿಂತಿರುವ ಹನ್ನೊಂದು ಮಂದಿಯಲ್ಲಿ ಕೆಲವರ ತೂಕ ನೂರೈವತ್ತು ಕಿಲೋಗ್ರಾಂ ಸಮೀಪವಿರುತ್ತದೆ ಎಂಬುದೇ ಉತ್ತರ.

ಅಂತ್ಯವಲಯದ ಹಿಂಭಾಗದ ಗೆರೆಯ ಮೇಲೆ ಗೋಲುಕಂಬ ನಿಂತಿರುತ್ತದೆ. ಅದರ ಅಡ್ಡಪಟ್ಟಿ ನೆಲದಿಂದ 10 ಅಡಿ ಎತ್ತರದಲ್ಲಿದೆ. ಎರಡು ನೆಟ್ಟಗಂಬಗಳ ನಡುವಿನ ಅಂತರ 18.5 ಅಡಿ. ಚೆಂಡು ಎರಡೂ ತುದಿ ಚೂಪಾಗಿ ಸುಮಾರು 11 ಅಂಗುಲ ಉದ್ದ, 400 ಗ್ರಾಂಗಿಂತ ತುಸು ಹೆಚ್ಚು ಕಡಿಮೆ ತೂಕ ಇರುತ್ತದೆ. ಹಂದಿಯ ಚರ್ಮ ಎಂಬ ಅಡ್ಡಹೆಸರು ಅದಕ್ಕಿದ್ದರೂ ಈಗ ಮಾಡುವುದು ದನದ ತೊಗಲಿನಿಂದ. ಅದರ ಆಕಾರದಿಂದಾಗಿ ನೆಲಕ್ಕೆ ಬಿದ್ದ ಚೆಂಡು ಯಾವ ದಿಕ್ಕಿಗೆ ಪುಟಿಯುತ್ತದೆಂದು ಹೇಳಲಾಗದು. ತಿರುಗುತ್ತ ಹೋಗುವಂತೆ ಎಸೆದರೆ ಮಾತ್ರ ಅದು ಬಾಣದಂತೆ ನೆಟ್ಟಗೆ ಸಾಗುತ್ತದೆ.

ಮೂರು ಪಡೆಗಳು

ಎನ್‌ಎಫ್‌ಎಲ್ ತಂಡವೊಂದರಲ್ಲಿ 53 ಆಟಗಾರರಿರುತ್ತಾರೆ. ಒಮ್ಮೆಗೆ ಅಂಕಣದಲ್ಲಿ ಹನ್ನೊಂದು ಮಂದಿ ಮಾತ್ರ. ಬದಲಾವಣೆಗೆ ಮಿತಿಯಿಲ್ಲದ ಕಾರಣ ಚೆಂಡು ತಮ್ಮದಾದಾಗ ಆಕ್ರಮಣ ಪಡೆ, ಎದುರಾಳಿಯದಾದಾಗ ರಕ್ಷಣಾ ಪಡೆ, ಚೆಂಡನ್ನು ಒದೆಯುವ ಸಂದರ್ಭಗಳಲ್ಲಿ ವಿಶೇಷ ಪಡೆ ಎಂದು ಪ್ರತ್ಯೇಕ ಗುಂಪುಗಳು ಒಳಹೊರಗೆ ಓಡಾಡುತ್ತವೆ.

ಆಕ್ರಮಣ ಪಡೆಯ ಕೇಂದ್ರ ವ್ಯಕ್ತಿ ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಎಸೆಯಬೇಕೋ, ಓಟಗಾರನ ಕೈಗೆ ಕೊಡಬೇಕೋ, ತಾನೇ ಓಡಬೇಕೋ ಎಂಬುದನ್ನು ಎರಡು ಮೂರು ಸೆಕೆಂಡುಗಳಲ್ಲಿ ನಿರ್ಧರಿಸುವವನು ಅವನು. ಅವನ ಮುಂದೆ ಸಾಲಾಗಿ ನಿಲ್ಲುವ ಐವರು ಲೈನ್‌ಮನ್‌ಗಳ ಕೆಲಸ ಅವನಿಗೆ ಗೋಡೆಯಾಗುವುದು ಮತ್ತು ಓಟಗಾರನಿಗೆ ದಾರಿ ಬಿಡಿಸುವುದು. ಸಾಮಾನ್ಯ ಸಂದರ್ಭಗಳಲ್ಲಿ ಅವರು ಮುಂದಕ್ಕೆಸೆದ ಚೆಂಡನ್ನು ಹಿಡಿಯುವಂತೆಯೇ ಇಲ್ಲ. ಪಂದ್ಯವಿಡೀ ಚೆಂಡು ಮುಟ್ಟದೆ ಪಂದ್ಯ ಗೆಲ್ಲಿಸುವ ಈ ಆಟಗಾರರ ಹೆಸರನ್ನು ಪ್ರೇಕ್ಷಕರು ಕೇಳುವುದು ಅವರು ತಪ್ಪು ಮಾಡಿದಾಗ ಮಾತ್ರ. ಅವರ ಹೊರತಾಗಿ ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್, ದೂರ ಓಡಿ ಚೆಂಡು ಹಿಡಿಯುವ ವೈಡ್ ರಿಸೀವರ್, ತಡೆಯುವ ಮತ್ತು ಹಿಡಿಯುವ ಎರಡೂ ಕೆಲಸ ಮಾಡುವ ಟೈಟ್ ಎಂಡ್ ಇರುತ್ತಾರೆ.

ರಕ್ಷಣೆಯಲ್ಲಿ ಮುಂಸಾಲಿನ ಲೈನ್‌ಮನ್‌ಗಳು, ಅವರ ಹಿಂದೆ ಲೈನ್‌ಬ್ಯಾಕರ್‌ಗಳು, ಇನ್ನೂ ಹಿಂದೆ ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿಗಳು ನಿಲ್ಲುತ್ತಾರೆ.

ನಾಲ್ಕು ಡೌನ್‌ಗಳು

ಒಂದೊಂದು ಯತ್ನಕ್ಕೂ ಡೌನ್ ಎಂದು ಹೆಸರು. ಚೆಂಡು ಇರುವ ಜಾಗದಲ್ಲಿ ಅಂಕಣದ ಅಡ್ಡಕ್ಕೆ ಒಂದು ಕಾಲ್ಪನಿಕ ಗೆರೆ ಎಳೆದಂತೆ ಎಣಿಸಬೇಕು. ಅದು ಸ್ಕ್ರಿಮೇಜ್ ರೇಖೆ. ಎರಡೂ ತಂಡಗಳು ಅದರ ಆಚೀಚೆ ನಿಲ್ಲುತ್ತವೆ. ಸೆಂಟರ್ ಎಂಬ ಆಟಗಾರನು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಿರುವ ಕ್ವಾರ್ಟರ್‌ಬ್ಯಾಕ್‌ಗೆ ಒಪ್ಪಿಸಿದೊಡನೆ ಆಟ ಜೀವಂತವಾಗುತ್ತದೆ. ಇದಕ್ಕೆ ಸ್ನ್ಯಾಪ್ ಎನ್ನುತ್ತಾರೆ.

ಚೆಂಡು ಹಿಡಿದವನನ್ನು ಎದುರಾಳಿಗಳು ಕೆಡವಿದಾಗ, ಅವನು ಅಂಕಣದ ಹೊರಗೆ ಹೋದಾಗ, ಅಥವಾ ಮುಂದಕ್ಕೆ ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದಾಗ ಆ ಡೌನ್ ಮುಗಿಯುತ್ತದೆ. ಕೆಡವುವ ಈ ಕ್ರಿಯೆ ಕಬಡ್ಡಿಯಲ್ಲಿ ದಾಳಿಗಾರನನ್ನು ಹಿಡಿಯುವುದನ್ನು ಹೋಲುತ್ತದೆ. ಆದರೆ ಸಿಕ್ಕಿಬಿದ್ದ ಕಬಡ್ಡಿ ಆಟಗಾರ ಔಟಾಗುತ್ತಾನೆ. ಇಲ್ಲಿ ಸಿಕ್ಕಿಬಿದ್ದವನು ಎದ್ದು ಮುಂದಿನ ಡೌನ್‌ಗೆ ನಿಲ್ಲುತ್ತಾನೆ. ಅವನು ಗೆದ್ದ ನೆಲ ಅವನ ತಂಡದ್ದಾಗಿಯೇ ಉಳಿಯುತ್ತದೆ. ಹಿಂದಿನ ಡೌನ್ ಎಲ್ಲಿ ಸತ್ತಿತೋ ಅಲ್ಲಿಂದಲೇ ಮುಂದಿನದು ಹುಟ್ಟುತ್ತದೆ. ಎಸೆತ ಯಾರಿಗೂ ಸಿಗದೆ ಹೋದರೆ ಮಾತ್ರ ಚೆಂಡು ಹೊರಟ ಜಾಗಕ್ಕೇ ಹಿಂದಿರುಗುತ್ತದೆ.

ಟೆಲಿವಿಷನ್ ಪರದೆಯ ಮೂಲೆಯಲ್ಲಿ ಕಾಣುವ ಎರಡು ಅಂಕಿಗಳನ್ನು ಓದಲು ಬಂದರೆ ಅರ್ಧ ಆಟ ಅರ್ಥವಾದಂತೆಯೇ. ಮೊದಲನೆಯದು ಎಷ್ಟನೆಯ ಡೌನ್ ಎಂಬುದು. ಎರಡನೆಯದು ಇನ್ನೆಷ್ಟು ಗಜ ಬೇಕೆಂಬುದು. ಒಂದು ಉದಾಹರಣೆ ನೋಡಬಹುದು.

‘ಕ’ ತಂಡ ತನ್ನ 25ರ ಗೆರೆಯಿಂದ ಆರಂಭಿಸುತ್ತದೆ ಎಂದಿಟ್ಟುಕೊಳ್ಳೋಣ. ಪರದೆಯಲ್ಲಿ ‘ಮೊದಲನೆಯದು, 10’ ಎಂದಿರುತ್ತದೆ. ಓಟಗಾರ 3 ಗಜ ನುಗ್ಗಿ ಬೀಳುತ್ತಾನೆ. ಈಗ ಚೆಂಡು 28ರಲ್ಲಿದೆ, ‘ಎರಡನೆಯದು, 7’. ಮುಂದಿನ ಎಸೆತ ನೆಲದ ಪಾಲಾಗುತ್ತದೆ, ‘ಮೂರನೆಯದು, 7’. ಈ ಬಾರಿ ಎಸೆತವನ್ನು ಹಿಡಿದವನು 37ರಲ್ಲಿ ಬೀಳುತ್ತಾನೆ. ಬೇಕಿದ್ದುದು 7, ಸಿಕ್ಕಿದ್ದು 9. ಲೆಕ್ಕ ಹೊಸದಾಗಿ ‘ಮೊದಲನೆಯದು, 10’ ಆಗುತ್ತದೆ. ಮರುಗಳಿಗೆಯಲ್ಲೇ ರಕ್ಷಣಾ ಪಡೆ ಗೋಡೆ ಒಡೆದು ಕ್ವಾರ್ಟರ್‌ಬ್ಯಾಕ್‌ನನ್ನು 8 ಗಜ ಹಿಂದೆಯೇ ಕೆಡವುತ್ತದೆ. ಇದಕ್ಕೆ ಸ್ಯಾಕ್ ಎಂದು ಹೆಸರು. ಚೆಂಡು 29ಕ್ಕೆ ಬಂತು, ‘ಎರಡನೆಯದು, 18’. ಆಗ 30 ಗಜದ ಒಂದು ಭಾರಿ ಎಸೆತ ಫಲಿಸಿ, ತಂಡ ನಡುಗೆರೆ ದಾಟಿ ಎದುರಾಳಿಯ 41ಕ್ಕೆ ತಲುಪುತ್ತದೆ. ಅನಂತರ ಎರಡು ಓಟಗಳಲ್ಲಿ 6 ಗಜ, ಮೂರನೆಯ ಡೌನ್‌ನಲ್ಲಿ ಒಂದು ವಿಫಲ ಎಸೆತ. ಈಗ ಎದುರಾಳಿಯ 35ರ ಗೆರೆಯ ಮೇಲೆ ‘ನಾಲ್ಕನೆಯದು, 4’.

ನಾಲ್ಕನೆಯ ಡೌನ್ ಎದುರಾದಾಗ ಆಟದ ನಿಜವಾದ ಇಕ್ಕಟ್ಟು ಗೋಚರಿಸುತ್ತದೆ. ಪ್ರೊ ಕಬಡ್ಡಿಯಲ್ಲಿ ಎರಡು ಸತತ ದಾಳಿಗಳು ಅಂಕವಿಲ್ಲದೆ ಮುಗಿದರೆ ಮೂರನೆಯದು ‘ಡೂ ಆರ್ ಡೈ’ ದಾಳಿಯಾಗುತ್ತದೆ. ಅಂಕ ತರದೆ ಮರಳಿದ ದಾಳಿಗಾರ ಔಟ್. ನಾಲ್ಕನೆಯ ಡೌನ್ ಹೆಚ್ಚುಕಡಿಮೆ ಅದೇ, ಆದರೆ ತಂಡಕ್ಕೆ ಮೂರು ದಾರಿಗಳು ತೆರೆದಿರುತ್ತವೆ. ಗೋಲುಕಂಬ ಹತ್ತಿರವಿದ್ದರೆ ಚೆಂಡನ್ನು ಒದ್ದು 3 ಅಂಕ ಗಳಿಸಲು ಯತ್ನಿಸಬಹುದು. ದೂರವಿದ್ದರೆ ಪಂಟ್ ಮಾಡಬಹುದು, ಅಂದರೆ ಚೆಂಡನ್ನು ಕೈಯಿಂದ ಬಿಟ್ಟು ಒದ್ದು ಎದುರಾಳಿಯನ್ನು ಆದಷ್ಟು ಹಿಂದಕ್ಕೆ ತಳ್ಳಬಹುದು. ಇಲ್ಲವೇ ಧೈರ್ಯ ಮಾಡಿ ಉಳಿದ 4 ಗಜಕ್ಕಾಗಿ ಆಡಬಹುದು. ಸೋತರೆ ಚೆಂಡು ಅಲ್ಲಿಯೇ ಎದುರಾಳಿಯ ವಶ. ಚೆಂಡನ್ನು ತಾನಾಗಿಯೇ ಎದುರಾಳಿಗೆ ಒದ್ದುಕೊಡುವುದು ಹೊಸಬರಿಗೆ ಹೇಡಿತನವೆನಿಸುತ್ತದೆ. ಆದರೆ ಎದುರಾಳಿ 35 ಗಜದ ಬದಲು 80 ಗಜ ಕ್ರಮಿಸಬೇಕಾಗಿ ಬಂದರೆ ಅದು ನೆಲದ ಲೆಕ್ಕದಲ್ಲಿ ಲಾಭವೇ.

ಹತ್ತು ಗಜ ಪೂರ್ತಿಯಾಯಿತೇ ಎಂದು ಅಳೆಯಲು ಅಂಕಣದ ಬದಿಯಲ್ಲಿ ಎರಡು ಕೋಲುಗಳಿಗೆ ಕಟ್ಟಿದ 10 ಗಜದ ಸರಪಳಿ ಇಟ್ಟುಕೊಂಡವರಿರುತ್ತಾರೆ. 2025ರಿಂದ ಎನ್‌ಎಫ್‌ಎಲ್‌ನಲ್ಲಿ ಈ ಅಳತೆಯನ್ನು ಮುಖ್ಯವಾಗಿ ಕ್ಯಾಮೆರಾಗಳು ಮಾಡುತ್ತವೆ. ಸರಪಳಿ ನೆರವಿಗೆ ಉಳಿದಿದೆ. ತಲುಪಬೇಕಾದ ಜಾಗವನ್ನು ತೋರುವ ಹಳದಿ ಗೆರೆ 1998ರಿಂದ ಟೆಲಿವಿಷನ್ ಪ್ರಸಾರದಲ್ಲಿ ಕಾಣುತ್ತಿದೆ. ಅದು ಪರದೆಯ ಮೇಲಷ್ಟೇ ಇರುವುದು. ಮೈದಾನಕ್ಕೆ ಹೋದವರು ಅದನ್ನು ಹುಡುಕಿ ನಿರಾಶರಾಗುವುದುಂಟು.

ಎಸೆತ ಮತ್ತು ಕೈತಪ್ಪುವಿಕೆ

ಚೆಂಡನ್ನು ಮುಂದಕ್ಕೆ ಎಸೆಯುವ ಅವಕಾಶ ಈ ಆಟವನ್ನು ರಗ್ಬಿಯಿಂದ ಬೇರ್ಪಡಿಸುತ್ತದೆ. ಅದು ಒಂದು ಡೌನ್‌ಗೆ ಒಂದೇ ಬಾರಿ, ಅದೂ ಸ್ಕ್ರಿಮೇಜ್ ರೇಖೆಯ ಹಿಂದಿನಿಂದ ಮಾತ್ರ. ಬದಿಗೆ ಅಥವಾ ಹಿಂದಕ್ಕೆ ಎಷ್ಟು ಸಲ ಬೇಕಾದರೂ ಕೊಡಬಹುದು. ಹಿಡಿದವನ ಎರಡೂ ಪಾದಗಳು ಅಂಕಣದೊಳಗೆ ನೆಲ ಮುಟ್ಟಿರಬೇಕು. ಕಾಲೇಜು ಆಟದಲ್ಲಿ ಒಂದು ಪಾದ ಸಾಕು. ಬೌಂಡರಿ ಗೆರೆಯ ಬಳಿ ಕ್ರಿಕೆಟ್ ಆಟಗಾರ ಕಾಲು ಉಳಿಸಿಕೊಂಡು ಕ್ಯಾಚ್ ಹಿಡಿಯುವಾಗ ಮೂಡುವಂಥದ್ದೇ ವಾದ ಇಲ್ಲಿಯೂ ಪದೇ ಪದೇ ಹುಟ್ಟುತ್ತದೆ.

ಎಸೆದ ಚೆಂಡನ್ನು ಎದುರಾಳಿಯೇ ಹಿಡಿದರೆ ಅದು ಇಂಟರ್‌ಸೆಪ್ಶನ್. ಓಡುವವನ ಕೈಯಿಂದ ಚೆಂಡು ಜಾರಿದರೆ ಅದು ಫಂಬಲ್. ಮೊದಲು ಎತ್ತಿಕೊಂಡವರದೇ ಹಕ್ಕು. ಎರಡರಲ್ಲಿಯೂ ಡೌನ್‌ಗಳ ಲೆಕ್ಕ ಮುರಿದು ಆಟದ ದಿಕ್ಕು ಒಂದೇ ಕ್ಷಣದಲ್ಲಿ ಬದಲಾಗುತ್ತದೆ.

ಅಂಕಗಳು

ಅತಿ ಹೆಚ್ಚಿನ ಬೆಲೆ ಟಚ್‌ಡೌನ್‌ಗೆ: 6 ಅಂಕ. ಚೆಂಡು ಹಿಡಿದವನು ಎದುರಾಳಿಯ ಗೋಲು ರೇಖೆಯನ್ನು ಮುಟ್ಟಿಸಿದರೆ, ಅಥವಾ ಅಂತ್ಯವಲಯದೊಳಗೆ ಎಸೆತವನ್ನು ಹಿಡಿದರೆ ಇದು ದೊರೆಯುತ್ತದೆ. ಹೆಸರಿನಲ್ಲಿ ‘ಮುಟ್ಟಿಸು’ ಎಂಬ ಅರ್ಥವಿದ್ದರೂ ರಗ್ಬಿಯಂತೆ ಚೆಂಡನ್ನು ನೆಲಕ್ಕೆ ಒತ್ತಬೇಕಿಲ್ಲ. ಆ ಬಳಿಕ ತಂಡಕ್ಕೆ ಒಂದು ಹೆಚ್ಚುವರಿ ಅವಕಾಶ ಸಿಗುತ್ತದೆ: ಕಂಬಗಳ ನಡುವೆ ಒದ್ದರೆ 1 ಅಂಕ, 2 ಗಜ ದೂರದಿಂದ ಮತ್ತೊಮ್ಮೆ ಅಂತ್ಯವಲಯ ಹೊಕ್ಕರೆ 2 ಅಂಕ. ಬಹುಪಾಲು ತಂಡಗಳು ಒದೆಯುವುದನ್ನೇ ಆರಿಸಿಕೊಳ್ಳುವುದರಿಂದ ಅಂಕಪಟ್ಟಿಯಲ್ಲಿ 7, 14, 21 ಎಂಬ ಸಂಖ್ಯೆಗಳು ಮತ್ತೆ ಮತ್ತೆ ಕಾಣುತ್ತವೆ.

ಫೀಲ್ಡ್ ಗೋಲ್‌ಗೆ 3 ಅಂಕ. ಅದರ ದೂರದ ಲೆಕ್ಕ ಹೊಸಬರನ್ನು ಗೊಂದಲಕ್ಕೀಡುಮಾಡುತ್ತದೆ. ಮೇಲಿನ ಉದಾಹರಣೆಯಲ್ಲಿ ಚೆಂಡು ಎದುರಾಳಿಯ 35ರಲ್ಲಿದೆ. ಆದರೆ ಒದೆಯುವವನು ಸುಮಾರು 7 ಗಜ ಹಿಂದೆ ನಿಂತಿರುತ್ತಾನೆ. ಕಂಬ ಗೋಲು ರೇಖೆಯಿಂದ 10 ಗಜ ಆಚೆಗಿದೆ. ಹೀಗಾಗಿ ಒದೆತದ ದೂರ 52 ಗಜ.

ಇನ್ನೊಂದು ಅಪರೂಪದ ಗಳಿಕೆ ಸೇಫ್ಟಿ. ಆಕ್ರಮಣ ತಂಡದವನನ್ನು ಅವನದೇ ಅಂತ್ಯವಲಯದಲ್ಲಿ ಕೆಡವಿದರೆ ರಕ್ಷಣಾ ತಂಡಕ್ಕೆ 2 ಅಂಕ, ಜೊತೆಗೆ ಚೆಂಡೂ ಸಿಗುತ್ತದೆ.

ಕಾಲ

ತಲಾ 15 ನಿಮಿಷಗಳ ನಾಲ್ಕು ಭಾಗಗಳು, ಎರಡರ ನಂತರ ದೊಡ್ಡ ವಿರಾಮ. ನಾಣ್ಯ ಚಿಮ್ಮುಗೆಯ ಬಳಿಕ ಒಂದು ತಂಡ ತನ್ನ 35ರ ಗೆರೆಯಿಂದ ಚೆಂಡನ್ನು ಒದ್ದು ಆಟ ಆರಂಭಿಸುತ್ತದೆ. ಹೇಳಲು ಒಂದು ಗಂಟೆಯ ಆಟವಾದರೂ ಮುಗಿಯಲು ಮೂರು ಗಂಟೆ ಹಿಡಿಯುತ್ತದೆ. ಗಡಿಯಾರ ಎಲ್ಲ ಸಮಯದಲ್ಲಿಯೂ ಓಡದಿರುವುದೇ ಇದಕ್ಕೆ ಕಾರಣ. ಎಸೆತ ವಿಫಲವಾದರೆ ಅದು ನಿಲ್ಲುತ್ತದೆ; ಓಟಗಾರ ಅಂಕಣದೊಳಗೆ ಬಿದ್ದರೆ ಓಡುತ್ತಲೇ ಇರುತ್ತದೆ. ಪ್ರತಿ ಅರ್ಧದಲ್ಲಿ ತಂಡಕ್ಕೆ ಮೂರು ಟೈಮ್‌ಔಟ್‌ಗಳಿವೆ.

ಆದ್ದರಿಂದ ಕೊನೆಯ ಎರಡು ನಿಮಿಷಗಳಲ್ಲಿ ಆಟದ ಸ್ವಭಾವವೇ ಬೇರೆ. ಹಿಂದಿರುವ ತಂಡ ಎಸೆತಗಳ ಮೇಲೆ ಎಸೆತ ಮಾಡಿ, ಹಿಡಿದೊಡನೆ ಅಂಕಣದ ಹೊರಗೆ ಓಡಿ ಗಡಿಯಾರ ನಿಲ್ಲಿಸಲು ಹೆಣಗುತ್ತದೆ. ಮುಂದಿರುವ ತಂಡ ಓಟವನ್ನೇ ನೆಚ್ಚಿಕೊಳ್ಳುತ್ತದೆ; ಗೆಲುವು ಖಚಿತವಾದಾಗ ಕ್ವಾರ್ಟರ್‌ಬ್ಯಾಕ್ ಚೆಂಡು ಪಡೆದು ಸುಮ್ಮನೆ ಮಂಡಿಯೂರುತ್ತಾನೆ. ಅದು ಶರಣಾಗತಿಯಲ್ಲ, ಕಾಲ ಕಳೆಯುವ ಉಪಾಯ.

ತಪ್ಪು ಮತ್ತು ದಂಡ

ತೀರ್ಪುಗಾರರು ಹಳದಿ ಬಟ್ಟೆಯನ್ನು ಎಸೆದರೆ ತಪ್ಪು ನಡೆದಿದೆ ಎಂದರ್ಥ. ಎನ್‌ಎಫ್‌ಎಲ್ ಪಂದ್ಯದಲ್ಲಿ ಏಳು ತೀರ್ಪುಗಾರರಿದ್ದು, ಬಿಳಿ ಟೋಪಿಯವನು ಮುಖ್ಯಸ್ಥ. ಈ ಆಟದಲ್ಲಿ ದಂಡವನ್ನೂ ನೆಲದ ರೂಪದಲ್ಲಿಯೇ ತೆರಬೇಕು. ಸ್ನ್ಯಾಪ್‌ಗೆ ಮುನ್ನ ಆಕ್ರಮಣ ತಂಡದವನು ಅಲುಗಿದರೆ, ರಕ್ಷಣೆಯವನು ಗೆರೆ ದಾಟಿದರೆ, ಅಥವಾ ಆಟ ಆರಂಭಿಸಲು ತಡಮಾಡಿದರೆ 5 ಗಜ. ಆಕ್ರಮಣ ತಂಡ ಎದುರಾಳಿಯನ್ನು ಹಿಡಿದೆಳೆದರೆ 10 ಗಜ. ದೇಹದಿಂದ ಅಡ್ಡಗಟ್ಟಬಹುದು, ಹಿಡಿಯುವಂತಿಲ್ಲ. ಹಿಡಿದು ಕೆಡವಬಹುದಾದದ್ದು ಚೆಂಡು ಹೊತ್ತವನನ್ನು ಮಾತ್ರ. ಶಿರಸ್ತ್ರಾಣದ ಮುಖಜಾಲರಿಯನ್ನು ಹಿಡಿದು ಎಳೆಯುವುದು, ಅನಗತ್ಯ ಒರಟುತನ ಇತ್ಯಾದಿಗಳಿಗೆ 15 ಗಜ. ಎಸೆತವನ್ನು ಹಿಡಿಯಲು ಹೊರಟವನನ್ನು ರಕ್ಷಣೆಯವನು ಅಕ್ರಮವಾಗಿ ತಡೆದರೆ, ಎನ್‌ಎಫ್‌ಎಲ್‌ನಲ್ಲಿ ತಪ್ಪು ನಡೆದ ಜಾಗದಲ್ಲಿಯೇ ಚೆಂಡು ಕೊಡುತ್ತಾರೆ. ಅದು ನಲವತ್ತು ಗಜವೂ ಆಗಬಹುದು.

ಅನ್ಯಾಯಕ್ಕೊಳಗಾದ ತಂಡ ದಂಡವನ್ನು ನಿರಾಕರಿಸಲೂಬಹುದು ಎಂಬುದು ಈ ಆಟದ ಸ್ವಾರಸ್ಯಗಳಲ್ಲೊಂದು. ಎದುರಾಳಿಯ ತಪ್ಪಿನ ನಡುವೆಯೂ 20 ಗಜ ಗಳಿಸಿದ್ದರೆ, 5 ಗಜದ ಪರಿಹಾರ ಯಾರಿಗೆ ಬೇಕು?

ಗಾಯ ಮತ್ತು ನಿಯಮಗಳ ಬದಲಾವಣೆ

ಈ ಆಟದ ಅನೇಕ ನಿಯಮಗಳು ಸಾವುನೋವುಗಳಿಂದ ಹುಟ್ಟಿದವು ಎಂಬುದನ್ನು ತಿಳಿಯದೆ ಆಟವನ್ನು ಅರಿತೆವೆನ್ನಲಾಗದು. 1905ರ ಋತುವಿನಲ್ಲಿ ಹದಿನೆಂಟಕ್ಕೂ ಕಡಿಮೆಯಿಲ್ಲದಷ್ಟು ಆಟಗಾರರು ಸತ್ತರೆಂದು ಅಂದಿನ ಪತ್ರಿಕೆಗಳು ಲೆಕ್ಕ ಹಾಕಿದವು. ಆಗಿನ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದರು. ಮರುವರ್ಷ ಮುಂದಕ್ಕೆ ಎಸೆಯುವುದಕ್ಕೆ ಅನುಮತಿ ದೊರೆಯಿತು. ಆಟಗಾರರು ಒಂದೇ ರಾಶಿಯಾಗಿ ಕೈಕೈ ಹೆಣೆದು ನುಗ್ಗುವುದನ್ನು ಬಿಡಿಸಿ, ಅವರನ್ನು ಅಂಕಣದ ಅಗಲಕ್ಕೆ ಹರಡುವುದು ಇದರ ಉದ್ದೇಶ. ಇಂದು ಜನ ಮೆಚ್ಚುವ ಉದ್ದನೆಯ ಎಸೆತದ ಮೂಲ ಇಲ್ಲಿದೆ. ಎನ್‌ಎಫ್‌ಎಲ್‌ನಲ್ಲಿ ಶಿರಸ್ತ್ರಾಣ ಕಡ್ಡಾಯವಾದುದು ಬಹಳ ತಡವಾಗಿ, 1943ರಲ್ಲಿ.

ಶಿರಸ್ತ್ರಾಣ ತಲೆಬುರುಡೆ ಒಡೆಯದಂತೆ ಕಾಯುತ್ತದೆ; ಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು ತಡೆಯಲಾರದು. 2002ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಶವಪರೀಕ್ಷೆ ಮಾಡಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು, ಅವರ ಮಿದುಳಿನಲ್ಲಿ ಪದೇ ಪದೇ ಬಿದ್ದ ಪೆಟ್ಟುಗಳಿಂದ ಉಂಟಾಗುವ ಕ್ಷಯವನ್ನು ಗುರುತಿಸಿ 2005ರಲ್ಲಿ ಪ್ರಕಟಿಸಿದರು. ಸಿಟಿಇ ಎಂದು ಕರೆಯಲಾಗುವ ಈ ಕಾಯಿಲೆ ಮರೆವು, ಖಿನ್ನತೆ, ಸಿಡುಕುಗಳೊಂದಿಗೆ ವರ್ಷಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಖಚಿತವಾಗಿ ಗೊತ್ತಾಗುವುದು ಸಾವಿನ ನಂತರವೇ. ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾನವಾಗಿ ಬಂದ ಎನ್‌ಎಫ್‌ಎಲ್ ಮಾಜಿ ಆಟಗಾರರ 111 ಮಿದುಳುಗಳಲ್ಲಿ 110ರಲ್ಲಿ ಅದು ಕಂಡುಬಂತು. ತೊಂದರೆಯ ಅನುಮಾನವಿದ್ದ ಕುಟುಂಬಗಳೇ ಹೆಚ್ಚಾಗಿ ದಾನ ಮಾಡಿರುವುದರಿಂದ ಇದನ್ನು ಎಲ್ಲ ಆಟಗಾರರಿಗೂ ಅನ್ವಯಿಸಲಾಗದು; ಆದರೂ ಅಲಕ್ಷಿಸುವ ಸಂಖ್ಯೆಯಲ್ಲ.

ಇದರ ಪರಿಣಾಮವಾಗಿ ಶಿರಸ್ತ್ರಾಣವನ್ನೇ ಆಯುಧವಾಗಿಸಿ ಗುದ್ದುವುದು, ರಕ್ಷಣೆಯಿಲ್ಲದ ಸ್ಥಿತಿಯಲ್ಲಿರುವವನ ತಲೆಗೆ ಹೊಡೆಯುವುದು ಈಗ 15 ಗಜದ ತಪ್ಪುಗಳು. ದೂರದಿಂದ ಓಡಿಬಂದು ಢಿಕ್ಕಿ ಹೊಡೆಯುವುದನ್ನು ತಗ್ಗಿಸಲು 2024ರಲ್ಲಿ ಆರಂಭಿಕ ಒದೆತದ ವಿಧಾನವನ್ನೇ ಬದಲಿಸಿ, ಎರಡೂ ತಂಡಗಳನ್ನು ಹತ್ತಿರ ಹತ್ತಿರ ನಿಲ್ಲಿಸಲಾಯಿತು. ಶಾಲಾ ಮಕ್ಕಳ ವಿಷಯದಲ್ಲಿ ವಾಷಿಂಗ್ಟನ್ ರಾಜ್ಯ 2009ರಲ್ಲಿ ಮೊದಲ ಕಾನೂನು ಮಾಡಿತು: ತಲೆಗೆ ಪೆಟ್ಟಾದ ಶಂಕೆ ಇರುವ ವಿದ್ಯಾರ್ಥಿಯನ್ನು ತಕ್ಷಣ ಆಟದಿಂದ ಹೊರಗಿಡಬೇಕು, ವೈದ್ಯಕೀಯ ಒಪ್ಪಿಗೆಯಿಲ್ಲದೆ ಮರಳಿ ಆಡಿಸಬಾರದು. ಕೆಲವೇ ವರ್ಷಗಳಲ್ಲಿ ಎಲ್ಲ ಐವತ್ತು ರಾಜ್ಯಗಳಲ್ಲಿಯೂ ತಲೆಪೆಟ್ಟಿನ ಕುರಿತ ಕಾನೂನುಗಳು ಬಂದವು. ಅಮೆರಿಕದಲ್ಲಿ ಮಗ ಶಾಲಾ ತಂಡ ಸೇರುತ್ತೇನೆಂದಾಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದ ಕನ್ನಡದ ತಂದೆತಾಯಿಗಳು ಟಚ್‌ಡೌನ್‌ಗೆ ಎಷ್ಟು ಅಂಕ ಎಂಬುದಕ್ಕಿಂತ ಮೊದಲು ತಿಳಿಯಬೇಕಾದ ನಿಯಮ ಇದು.

ಬೆಂಗಳೂರು ಮತ್ತು ಭಾರತ

ಭಾರತದಲ್ಲಿ ಈ ಆಟವನ್ನು ವೃತ್ತಿಪರವಾಗಿ ನೆಲೆಗೊಳಿಸುವ ಯತ್ನ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಎಂಬ ಹೆಸರಿನಲ್ಲಿ 2011ರಲ್ಲಿ ಪ್ರಕಟವಾಯಿತು. ಅಮೆರಿಕದ ಪ್ರಸಿದ್ಧ ತರಬೇತುದಾರ ಮೈಕ್ ಡಿಟ್ಕಾ, ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್, ಭಾರತೀಯ ಮೂಲದ ಲೈನ್‌ಬ್ಯಾಕರ್ ಬ್ರ್ಯಾಂಡನ್ ಚಿಲ್ಲರ್ ಮೊದಲಾದವರು ಅದರ ಬೆನ್ನಿಗಿದ್ದರು. ಬೆಂಗಳೂರಿನ ಹೆಸರಿನಲ್ಲಿ ಬ್ಯಾಂಗಲೋರ್ ವಾರ್‌ಹಾಕ್ಸ್ ಎಂಬ ತಂಡವಿತ್ತು. 2012ರಲ್ಲಿ ನಡೆದ ಮೊದಲ ಋತುವನ್ನು ಪುಣೆ ಮರಾಠಾಸ್ ತಂಡ ಗೆದ್ದಿತು. ಆಟ ಮುಂದೆ ಬೇರೂರಲಿಲ್ಲ. ಶಿರಸ್ತ್ರಾಣ, ಭುಜಕವಚಗಳ ಖರ್ಚು ಒಂದು ತೊಡಕು. ಶಾಲೆಗಳಲ್ಲಿ ಆಡದ ಆಟಕ್ಕೆ ಪ್ರೇಕ್ಷಕರನ್ನು ಹೊಂದಿಸುವುದು ಅದಕ್ಕಿಂತ ದೊಡ್ಡದು. ಕೆಲವು ವರ್ಷಗಳಲ್ಲೇ, 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಬೆಂಗಳೂರು ಬುಲ್ಸ್‌ನಂಥ ತಂಡಗಳಿಗೆ ಮನೆಮನೆಯಲ್ಲಿ ಪ್ರೇಕ್ಷಕರನ್ನು ಗಳಿಸಿಕೊಟ್ಟದ್ದನ್ನು ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಅಮೆರಿಕದ ಕನ್ನಡ ಕುಟುಂಬಗಳಿಗೆ ಇದು ವಾರದ ಲಯದ ಭಾಗ: ಶರತ್ಕಾಲದಲ್ಲಿ ಶುಕ್ರವಾರ ಸಂಜೆ ಪ್ರೌಢಶಾಲೆಗಳ ಪಂದ್ಯ, ಶನಿವಾರ ಕಾಲೇಜುಗಳದು, ಭಾನುವಾರ ಎನ್‌ಎಫ್‌ಎಲ್. ಆಡದ ಮಕ್ಕಳೂ ಶಾಲೆಯ ವಾದ್ಯಮೇಳದಲ್ಲಿ ನುಡಿಸಲು ಮೈದಾನಕ್ಕೆ ಹೋಗುತ್ತಾರೆ.

ಫ್ಲ್ಯಾಗ್ ಫುಟ್‌ಬಾಲ್

ಕೆಡವುವುದನ್ನು ಕೈಬಿಟ್ಟ ಹಗುರ ರೂಪವೇ ಫ್ಲ್ಯಾಗ್ ಫುಟ್‌ಬಾಲ್. ಆಟಗಾರರು ಸೊಂಟದ ಎರಡೂ ಬದಿಗೆ ಬಟ್ಟೆಯ ಪಟ್ಟಿಗಳನ್ನು ಸಿಕ್ಕಿಸಿಕೊಂಡಿರುತ್ತಾರೆ. ಚೆಂಡು ಹಿಡಿದವನ ಪಟ್ಟಿಯನ್ನು ಕಿತ್ತರೆ ಡೌನ್ ಮುಗಿಯಿತು. ಶಿರಸ್ತ್ರಾಣವಾಗಲಿ ಕವಚವಾಗಲಿ ಬೇಕಿಲ್ಲ. ಹುಡುಗಿಯರೂ ಹುಡುಗರೂ ಆಡುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನವು 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಕ್ರಿಕೆಟ್ ಜೊತೆಯಲ್ಲಿಯೇ ಇದನ್ನೂ ಸೇರಿಸಿತು.

ಅಂತರರಾಷ್ಟ್ರೀಯ ರೂಪದಲ್ಲಿ ತಂಡಕ್ಕೆ ಐವರು. ಅಂಕಣ 50 ಗಜ ಉದ್ದ, 25 ಗಜ ಅಗಲ, ಎರಡು ತುದಿಗಳಲ್ಲಿ 10 ಗಜದ ಅಂತ್ಯವಲಯಗಳು. ಹತ್ತು ಗಜದ ಲೆಕ್ಕ ಇಲ್ಲಿಲ್ಲ: ನಾಲ್ಕು ಡೌನ್‌ಗಳೊಳಗೆ ನಡುಗೆರೆ ದಾಟಬೇಕು, ದಾಟಿದರೆ ಅಂತ್ಯವಲಯ ಸೇರಲು ಮತ್ತೆ ನಾಲ್ಕು.